ವಿಟ್ಬಿಗೆ ಮೊದಲಿದ್ದ ಹೆಸರು
ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯಲ್ಲಿ, ಎಸ್ಕ್ ನದಿ ಕಡಲು ಸೇರುವಲ್ಲಿ, ವಿಟ್ಬಿ ಎಂಬ ಊರಿದೆ. ಕ್ಯಾಪ್ಟನ್ ಕುಕ್‌ನ ‘ಎಂಡೆವರ್’ ಹಡಗನ್ನು ಕಟ್ಟಿದ್ದು ಇಲ್ಲೇ. ಆದರೆ ನನ್ನನ್ನು ಸೆಳೆಯುವುದು ಅದಕ್ಕೂ ಸಾವಿರ ವರ್ಷ ಹಿಂದಿನ ಊರು. ಆಗ ಅದು ಸ್ಟ್ರಿಯೊನೆಸ್‌ಹಾಲ್. 657ರಲ್ಲಿ ಅಲ್ಲಿನ ಗುಡ್ಡದ ಮೇಲೆ ಮಠ ಎದ್ದಿತು. ಸನ್ಯಾಸಿಗಳಿಗೂ ಸನ್ಯಾಸಿನಿಯರಿಗೂ ಹಿರಿಯಳಾಗಿ ನಿಂತವಳು ಹಿಲ್ಡಾ. ಈಸ್ಟರ್ ಹಬ್ಬದ ದಿನ ಗೊತ್ತುಮಾಡಲು ರೋಮಿನ ಲೆಕ್ಕವೋ ಐರಿಷ್ ಸನ್ಯಾಸಿಗಳ ಲೆಕ್ಕವೋ ಎಂಬ ತಕರಾರು 664ರಲ್ಲಿ ಬಗೆಹರಿದದ್ದು ಅಲ್ಲೇ, ಗೆದ್ದದ್ದು ರೋಮ್. ಮಠದ ದನ ಕಾಯುತ್ತಿದ್ದ ಕ್ಯಾಡ್‌ಮನ್ ಹಾಡು ಕಟ್ಟತೊಡಗಿದಾಗ ಅವನನ್ನು ಕರೆಸಿ, ಕೇಳಿ, ಮಠಕ್ಕೆ ಸೇರಿಸಿಕೊಂಡವಳೂ ಅವಳೇ. ಹೆಸರು ತಿಳಿದಿರುವ ಇಂಗ್ಲಿಷ್ ಕವಿಗಳಲ್ಲಿ ಅವನೇ ಮೊದಲಿಗ. ಅಂಥ ಮಠ ಒಂಬತ್ತನೇ ಶತಮಾನದಲ್ಲಿ ಡೇನರ ದಾಳಿಗೆ ಹಾಳಾಯಿತು. ಹಳೆಯ ಹೆಸರೂ ಜನರ ಬಾಯಿಂದ ಹೋಯಿತು. ಬಂದು ನೆಲೆಸಿದವರ ಮಾತಿನಲ್ಲಿ ‘ಬಿ’ ಎಂದರೆ ಊರು, ಹಟ್ಟಿ. ಗ್ರಿಮ್ಸ್‌ಬಿ, ಸೆಲ್ಬಿ, ಡರ್ಬಿಗಳಲ್ಲೂ ಅದೇ ಇದೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ‘ವಿಟೆಬಿ’ ಇದೆ, ಜೊತೆಗೆ ‘ಪ್ರೆಸ್ಟೆಬಿ’, ಅಂದರೆ ಪಾದ್ರಿಗಳ ಊರು. ದಾಳಿ ಮಾಡಿದವರ ಭಾಷೆಯೇ ಮಠದ ನೆನಪನ್ನು ಈ ಎರಡನೆಯ ಹೆಸರಿನಲ್ಲಿ ಉಳಿಸಿತು ಎಂದು ನಾನು ನಂಬುತ್ತೇನೆ.