ಕುದುರೆ ನಾಟಕ ಮಾಡುವುದಿಲ್ಲ, ಸ್ವಾಮಿ

ಸವಾರಿ ಕಲಿಸುವ ಮೈದಾನಗಳಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಪುಣೆಗೆ ಹೋಗಿ, ಮುಂಬೈಗೆ ಹೋಗಿ, ಹೈದರಾಬಾದಿನ ಹೊರವಲಯಕ್ಕೆ ಹೋಗಿ, ಅದೇ ಮಾತು: ‘ನಾಟಕ್ ಕರ್ ರಹಾ ಹೈ.’ ಕುದುರೆ ಮುಂದಕ್ಕೆ ಹೆಜ್ಜೆ ಇಡಲಿಲ್ಲ, ನಾಟಕ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬಂತು, ನಾಟಕ. ಎಡಕ್ಕೆ ಸಲೀಸಾಗಿ ತಿರುಗುವುದು ಬಲಕ್ಕೆ ತಿರುಗಲು ಒಪ್ಪಲಿಲ್ಲ, ಅದೂ ನಾಟಕ. ಮಾಸ್ಟರು ಇಷ್ಟು ತೀರ್ಪು ಕೊಟ್ಟಮೇಲೆ ಸವಾರನ ಕೈಗೊಂದು ಕೋಲು ಬರುತ್ತದೆ. ವಾರವಿಡೀ ಪರದೆ ನೋಡುತ್ತ ಕೂತು, ಶನಿವಾರ ಬೆಳಗ್ಗೆ ದುಡ್ಡು ಕೊಟ್ಟು ಮುಕ್ಕಾಲು ಗಂಟೆಯ ಸವಾರಿಗೆಂದು ಬಂದ ನಾವು ಅದನ್ನು ನಂಬುತ್ತೇವೆ. ನಂಬುವುದೇ ಅನುಕೂಲ. ನಂಬದಿದ್ದರೆ ಕೆಳಗಿಳಿಯಬೇಕಾಗುತ್ತದಲ್ಲ.

ನಾನು ಕುದುರೆ ವೈದ್ಯನಲ್ಲ, ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವವನು. ಆರು ವರ್ಷದಿಂದ ಇಂಥ ಮೈದಾನಗಳಿಗೆ ಹೋಗುತ್ತಿದ್ದೇನೆ, ಅಷ್ಟೇ. ನಮ್ಮ ಟೀಮಿನ ಹುಡುಗನೊಬ್ಬ ಬಂದು ‘ಸರ್ವರ್ ನಾಟಕ ಮಾಡ್ತಾ ಇದೆ ಸಾರ್’ ಅಂದರೆ ನಾನು ಅವನ ಕೈಗೆ ಕೋಲು ಕೊಡುವುದಿಲ್ಲ, ಲಾಗ್ ತೆಗೆದು ನೋಡಪ್ಪಾ ಅನ್ನುತ್ತೇನೆ. ಕುದುರೆಗೂ ಲಾಗ್ ಇದೆ. ಅದನ್ನು ಓದುವ ಕ್ರಮವನ್ನೂ ಬರೆದಿಟ್ಟಿದ್ದಾರೆ.

ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಸವಾರಿಯ ಹೊತ್ತಿನಲ್ಲಿ ಕುದುರೆ ತೋರುವ 24 ನಡವಳಿಕೆಗಳು ಅದರಲ್ಲಿವೆ. ಕಿವಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಹಿಂದಕ್ಕೆ ಒರಗಿರುವುದು, ಕಣ್ಣಿನ ಬಿಳಿ ಕಾಣುವುದು, ಬಾಯಿ ತೆರೆದು ಮುಚ್ಚುತ್ತಿರುವುದು, ತಲೆ ಕೊಡವುವುದು, ಬಾಲ ಬೀಸುವುದು, ಎಡವುವುದು, ಹೇಳದೆಯೇ ನಡಿಗೆ ಬದಲಿಸುವುದು, ಮುಂದೆ ಹೋಗಲು ಒಲ್ಲೆನ್ನುವುದು, ಹೀಗೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಮೂಳೆ, ಕೀಲು, ಸ್ನಾಯುಗಳಲ್ಲಿ ಎಲ್ಲೋ ನೋವಿರುವ ಸಂಭವ ಬಲವಾಗಿದೆ ಎಂದು ಲೆಕ್ಕ. ಕುದುರೆ ಕಣ್ಣಿಗೆ ಕಾಣುವಂತೆ ಕುಂಟಲೇಬೇಕೆಂದಿಲ್ಲ. ಬೇಟೆಗೆ ಬಲಿಯಾಗುವ ಜಾತಿಯ ಪ್ರಾಣಿ ಅದು, ಕುಂಟುವುದನ್ನು ಮುಚ್ಚಿಡಲು ಹುಟ್ಟಿನಿಂದಲೇ ಕಲಿತಿರುತ್ತದೆ.

ಡೈಸನ್ ಅವರ ಕೆಲಸದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು: ಚುಚ್ಚುಮದ್ದು ಕೊಟ್ಟು ನೋವಿನ ಜಾಗವನ್ನು ಮರಗಟ್ಟಿಸಿ, ಅದೇ ಕುದುರೆಯನ್ನು ಮತ್ತೆ ಸವಾರಿಗೆ ತಂದಾಗ ಈ ನಡವಳಿಕೆಗಳು ಕಡಿಮೆಯಾದವು. ಕುದುರೆಯ ಸ್ವಭಾವ ಹತ್ತು ನಿಮಿಷದಲ್ಲಿ ಬದಲಾಗುತ್ತದೆಯೆ? ನಾಟಕಕ್ಕೆ ಅರಿವಳಿಕೆ ಮದ್ದು ನಾಟುತ್ತದೆಯೆ?

ಈಗೀಗ ಕೋಲಿನ ಜೊತೆಗೆ ಇನ್ನೊಂದು ಉಪಾಯವೂ ಬಂದಿದೆ. ಕುದುರೆಗೆ ಮಸಾಜು. ಗುಂಯ್‌ಗುಡುವ ಮಸಾಜ್ ಗನ್ನು, ಆಯಸ್ಕಾಂತದ ಕಂಬಳಿ, ಕೆಂಪು ಬೆಳಕಿನ ಪಟ್ಟಿ, ಬಣ್ಣದ ಅಂಟುಟೇಪು. ಇನ್‌ಸ್ಟಾಗ್ರಾಮಿನಲ್ಲಿ ಕಣ್ಣು ಅರೆಮುಚ್ಚಿ ತುಟಿ ಜೋತುಬಿಟ್ಟ ಕುದುರೆಯ ವಿಡಿಯೋ ನೋಡಿದರೆ ಯಾರಿಗೂ ಕರುಳು ಚುರುಕ್ ಅನ್ನಬೇಕು. ‘ನಮ್ಮಲ್ಲಿ ತಿಂಗಳಿಗೊಮ್ಮೆ ಬಾಡಿವರ್ಕ್ ಮಾಡಿಸುತ್ತೇವೆ’ ಎಂದು ಕ್ಲಬ್ಬಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದೇ ಕುದುರೆಯ ಕಾಲು ಎತ್ತಿ ನೋಡಿದರೆ ಲಾಳ ಸವೆದು ಎರಡು ಮೊಳೆ ಹೊರಗೆ ಇಣುಕುತ್ತಿರುತ್ತವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಮಸಾಜು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೆನ್ನಿನ ಸ್ನಾಯುಗಳ ಬಿಗಿತ ಸಡಿಲಿಸಲು, ಒತ್ತಿದಾಗ ಆಗುವ ನೋವನ್ನು ಸ್ವಲ್ಪ ಕಾಲ ಕಡಿಮೆ ಮಾಡಲು ಅದು ನೆರವಾಗುತ್ತದೆ ಎನ್ನಲು ಆಧಾರಗಳಿವೆ, ಅಷ್ಟು ಗಟ್ಟಿ ಅಲ್ಲದಿದ್ದರೂ ಇವೆ. ನನ್ನ ತಕರಾರು ಅದನ್ನು ಎಲ್ಲಿ ನಿಲ್ಲಿಸುತ್ತಿದ್ದೇವೆ ಎಂಬುದರ ಬಗ್ಗೆ. ಕುದುರೆಯ ಮುಂಗಾಲಿನ ‘ಮೊಣಕಾಲು’ ಎಂದು ನಾವು ಕರೆಯುವುದು ನಿಜಕ್ಕೆ ಅದರ ಮಣಿಕಟ್ಟು. ಅಲ್ಲಿಂದ ಕೆಳಕ್ಕೆ ಹೇಳಿಕೊಳ್ಳುವಂಥ ಮಾಂಸಖಂಡವೇ ಇಲ್ಲ, ಇರುವುದು ಮೂಳೆ, ಹುರಿಯಂಥ ಸ್ನಾಯುರಜ್ಜು, ಚರ್ಮ. ತುದಿಯಲ್ಲಿ ಒಂದೇ ಒಂದು ಬೆರಳು, ನಮ್ಮ ನಡುಬೆರಳಿಗೆ ಸಮನಾದದ್ದು. ಅದರ ಉಗುರೇ ಗೊರಸು. ಸುಮಾರು 450 ಕಿಲೋ ತೂಗುವ ಪ್ರಾಣಿ ನಾಲ್ಕು ಬೆರಳುಗಳ ಮೇಲೆ ನಿಂತಿದೆ, ಅದರಲ್ಲೂ ಶೇಕಡಾ 60ರಷ್ಟು ಭಾರ ಮುಂದಿನ ಎರಡರ ಮೇಲೆ. ಮುಂಗಾಲಿನ ಕುಂಟುಗಳಲ್ಲಿ ಬಹುಪಾಲು ಗೊರಸಿನಲ್ಲೇ ಹುಟ್ಟುತ್ತದೆ ಎಂಬುದು ಕುದುರೆ ವೈದ್ಯರ ಮೊದಲ ಪಾಠ. ಮಸಾಜು ಮಾಡುವವರ ಕೈ ಓಡಾಡುವುದು ಕುತ್ತಿಗೆ, ಭುಜ, ಬೆನ್ನು, ತೊಡೆಯ ಮೇಲೆ. ಪಾದ ಸುಡುತ್ತಿರುವವನ ಹೆಗಲು ಒತ್ತಿದ ಹಾಗೆ. ಹಾಯೆನಿಸುತ್ತದೆ, ಸರಿ. ಆಮೇಲೆ?

ಗೊರಸಿನ ಲೆಕ್ಕ ಇನ್ನೂ ಸರಳ. ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಹೊಡೆದ ಗೊರಸು ನೆಲಕ್ಕೆ ಉಜ್ಜಿ ಸವೆಯುವುದಿಲ್ಲ, ಸುಮ್ಮನೆ ಉದ್ದವಾಗುತ್ತ ಹೋಗುತ್ತದೆ. ಮುಂತುದಿ ಮುಂದಕ್ಕೆ ಚಾಚುತ್ತದೆ, ಹಿಮ್ಮಡಿ ತಗ್ಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಗೊರಸು ನೆಲಬಿಟ್ಟು ಏಳಬೇಕಾದಾಗ ಆ ಉದ್ದ ತುದಿ ಸನ್ನೆಗೋಲಿನಂತೆ ಎದುರು ನಿಲ್ಲುತ್ತದೆ, ಕಾಲಿನ ಹಿಂಬದಿಯ ಸ್ನಾಯುರಜ್ಜು ಅಷ್ಟು ಹೆಚ್ಚು ಜಗ್ಗಬೇಕು. ಮುಕ್ಕಾಲು ಗಂಟೆಯ ಒಂದು ಸವಾರಿಯಲ್ಲಿ ಎಷ್ಟು ಸಾವಿರ ಹೆಜ್ಜೆ, ಭಾನುವಾರ ಅಂಥ ಎಷ್ಟು ಸವಾರಿ, ಗುಣಿಸಿಕೊಳ್ಳಿ. ಆದ್ದರಿಂದಲೇ ಐದಾರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೊರೆದು, ಮತ್ತೆ ಹೊಡೆಯಬೇಕು. ಅದು ಹತ್ತು ವಾರ, ಹನ್ನೆರಡು ವಾರ ಆಗುವುದು ದುಷ್ಟತನದಿಂದಲ್ಲ. ಲಾಳ ಹೊಡೆಯುವ ನಾಲಬಂದ್ ಬರಲಿಲ್ಲ, ಬಂದಾಗ ದುಡ್ಡಿರಲಿಲ್ಲ, ಮದುವೆ ಸೀಸನ್ನು ಬಂತು. ಪ್ರಾಜೆಕ್ಟು ಕೆಡುವುದೂ ಹೀಗೇ. ಒಂದೊಂದು ವಾರವೂ ‘ಮುಂದಿನ ವಾರ’. ಒಂದು ಸಲ ಸ್ನಾಯುರಜ್ಜು ಹರಿದರೆ ಅದು ಮೊದಲಿನಂತೆ ಕೂಡುವುದಿಲ್ಲ. ಗಾಯದ ಕಲೆಯಂಥ ಗಡಸು ಅಂಗಾಂಶದಿಂದ ಕೂಡಿಕೊಳ್ಳುತ್ತದೆ. ಅದಕ್ಕೂ ಒಂಬತ್ತು ತಿಂಗಳು, ವರ್ಷ ಬೇಕು. ವರ್ಷವಿಡೀ ದುಡಿಯದ ಕುದುರೆಗೆ ಹುಲ್ಲು ಹಾಕುವ ಕ್ಲಬ್ಬು ಎಷ್ಟಿವೆ?

ಇನ್ನು ಬೆನ್ನು. ನಮ್ಮ ನಗರಗಳ ಸವಾರಿ ಕುದುರೆಗಳಲ್ಲಿ ಬಹಳಷ್ಟು ರೇಸಿನಿಂದ ಹೊರಬಿದ್ದ ಥರೋಬ್ರೆಡ್‌ಗಳು. ಮಹಾಲಕ್ಷ್ಮಿಯಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಎರಡನೇ ವಯಸ್ಸಿಗೇ ಓಡಲು ಶುರುಮಾಡಿದಂಥವು. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯಲು ಐದಾರು ವರ್ಷ ಹಿಡಿಯುತ್ತದೆ. ಬೆನ್ನುಮೂಳೆಯ ಮೇಲಕ್ಕೆ ಚಾಚಿದ ಮುಳ್ಳುಗಳು ಒಂದಕ್ಕೊಂದು ತಾಗಿ ಉಜ್ಜುವ ತೊಂದರೆ ಈ ತಳಿಯಲ್ಲಿ ಹೆಚ್ಚು, ಅದು ಬರುವುದೂ ಸರಿಯಾಗಿ ಜೀನು ಕೂರುವ ಜಾಗದಲ್ಲಿ. ಅಂಥ ಬೆನ್ನಿಗೆ ಅಳತೆ ನೋಡದ ಜೀನು. ಅನೇಕ ಕಡೆ ಹನ್ನೆರಡು ಕುದುರೆಗೆ ನಾಲ್ಕು ಜೀನು, ಯಾವುದು ಕೈಗೆ ಸಿಕ್ಕಿತೋ ಅದು. ನೀವು ಬೇರೆಯವರ ಶೂ ಹಾಕಿಕೊಂಡು ಮ್ಯಾರಥಾನ್ ಓಡುತ್ತೀರಾ? ಜೀನು ತೆಗೆದ ಮೇಲೆ ಬೆವರಿನ ಗುರುತು ನೋಡಿ. ಸುತ್ತ ಒದ್ದೆಯಾಗಿದ್ದು ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ಬೀಳುತ್ತಿರಬಹುದು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಪಕ್ಕದಲ್ಲಿ ಬಿಳಿ ಕೂದಲ ಮಚ್ಚೆ ಇದ್ದರೆ ಅದು ಹೆಚ್ಚಾಗಿ ಹಳೆಯ ಜೀನಿನ ಗಾಯ. ಅದನ್ನು ಹಣೆಯ ನಕ್ಷತ್ರದಂಥ ಅಲಂಕಾರ ಎಂದುಕೊಂಡು ಫೋಟೋ ತೆಗೆದವರನ್ನು ಕಂಡಿದ್ದೇನೆ.

ಮೇಲೆ ಕೂರುವವರ ವಿಷಯಕ್ಕೂ ಬರಬೇಕು. ಇದು ನಮ್ಮ ವರ್ಗಕ್ಕೆ ಹಿಡಿಸದ ಮಾತು. ಅಮೆರಿಕದ ಓಹಾಯೋದಲ್ಲಿ 8 ಕುದುರೆಗಳ ಮೇಲೆ ಅವುಗಳ ತೂಕದ ಶೇಕಡಾ 15, 20, 25, 30ರಷ್ಟು ಭಾರ ಹೊರಿಸಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 25 ದಾಟಿದಾಗ ಸ್ನಾಯು ನೋವು, ಬಿಗಿತ, ಎದೆಬಡಿತ ಎಲ್ಲ ಏರಿದವು. ಸವಾರ, ಜೀನು ಎಲ್ಲ ಸೇರಿ 20 ದಾಟಬಾರದೆಂಬ ಲೆಕ್ಕ ಹಾಗೆ ಗಟ್ಟಿಯಾಯಿತು. 450 ಕಿಲೋ ಕುದುರೆಗೆ ಅದು 90 ಕಿಲೋ. ಮಾಥೇರಾನಿನ ಕೆಂಪುಮಣ್ಣಿನ ದಾರಿಯಲ್ಲಿ ನಿಮ್ಮನ್ನು ಹೊರುವ ತಟ್ಟು 300 ಕಿಲೋ ಎಂದಿಟ್ಟುಕೊಳ್ಳಿ, 60 ಕಿಲೋ. ನಾವು ನಲವತ್ತು ದಾಟಿದ, ಕ್ಯಾಂಟೀನಿನ ಊಟ ಉಂಡ, ಲಿಫ್ಟಿನಲ್ಲಿ ಹತ್ತಿಳಿದ ಗಂಡಸರು. ಅಲ್ಲಿ ನಾವು ನಡೆದು ಹೋಗುವುದೇ ವಾಸಿ, ಕುದುರೆಗೂ ನಮಗೂ. ಯಾವ ಕುದುರೆಗೆ ಎಷ್ಟು ತೂಕದವರು ಎಂಬುದನ್ನು ಬಾಗಿಲಲ್ಲೇ ತೂಗಿ ಹೇಳುವ ಕ್ಲಬ್ಬು ನನಗೆ ಈವರೆಗೆ ಸಿಕ್ಕಿಲ್ಲ. ಗಿರಾಕಿಗೆ ಬೇಸರವಾಗುತ್ತದಂತೆ.

ಇದಕ್ಕೆಲ್ಲ ಎರಡು ಉತ್ತರ ಬರುತ್ತವೆ. ಮೊದಲನೆಯದು, ‘ನಮ್ಮ ಹಿರಿಯರು ಇದ್ಯಾವುದೂ ಇಲ್ಲದೆ ಯುದ್ಧ ಮಾಡಲಿಲ್ಲವೆ?’ ಇದ್ದವು ಸ್ವಾಮಿ. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಒಂದು ಶಾಸ್ತ್ರವೇ ಬೆಳೆಯಿತು. ಕನ್ನಡದಲ್ಲೇ ಅಭಿನವಚಂದ್ರನ ‘ಅಶ್ವವೈದ್ಯ’ ಇದೆ. ಕುದುರೆ ಕುಂಟಿದರೆ ರಾಜ್ಯ ಕುಂಟುತ್ತದೆ ಎಂದು ಗೊತ್ತಿದ್ದ ಕಾಲ ಅದು. ನಮ್ಮದು ಕುದುರೆ ಕುಂಟಿದರೆ ಇನ್ನೊಂದು ತರಿಸುವ ಕಾಲ.

ಎರಡನೆಯ ಉತ್ತರ ಹಗುರದ್ದಲ್ಲ. ಖರ್ಚು ಏರಿಸಿದರೆ ಕ್ಲಬ್ಬುಗಳು ಮುಚ್ಚುತ್ತವೆ, ಮುಚ್ಚಿದರೆ ಈ ಕುದುರೆಗಳು ಎಲ್ಲಿಗೆ ಹೋಗುತ್ತವೆ? ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು ಹೈಕೋರ್ಟು 2015ರಲ್ಲಿ ಕಾನೂನುಬಾಹಿರ ಅಂದಾಗ ಗಾಡಿಯವರು ಕೇಳಿದ್ದೂ ಇಂಥ ಪ್ರಶ್ನೆಯನ್ನೇ. ದುಡಿಯುವ ಕುದುರೆಗೆ ಮಾತ್ರ ಹುಲ್ಲು ಸಿಗುವ ದೇಶದಲ್ಲಿ ಇದನ್ನು ತಳ್ಳಿಹಾಕುವ ಹಾಗಿಲ್ಲ. ಹಾಗಾಗಿಯೇ ನಾನು ಸವಾರಿ ನಿಲ್ಲಿಸಿ ಅನ್ನುತ್ತಿಲ್ಲ, ದುಡ್ಡು ಸರಿಯಾದ ಜಾಗಕ್ಕೆ ಹೋಗಲಿ ಅನ್ನುತ್ತಿದ್ದೇನೆ. ಮಸಾಜ್ ಗನ್ನಿಗೆ, ಆಯಸ್ಕಾಂತದ ಕಂಬಳಿಗೆ ಸುರಿಯುವುದನ್ನು ಮೊದಲು ನಾಲಬಂದನಿಗೆ ಕೊಡಿ. ವರ್ಷಕ್ಕೊಮ್ಮೆ ಹಲ್ಲು ನೋಡಿಸಿ. ಕುದುರೆಯ ಹಲ್ಲು ಜೀವನವಿಡೀ ಮೇಲೇರುತ್ತಲೇ ಇದ್ದು ಅಂಚು ಚೂಪಾಗುತ್ತದೆ, ಕೆನ್ನೆ ಹುಣ್ಣಾದ ಕುದುರೆ ಕಡಿವಾಣಕ್ಕೆ ತಲೆ ಕೊಡವಿದರೆ ಅದಕ್ಕೂ ನಾಟಕ ಎಂಬ ಹೆಸರು. ದಿನದಲ್ಲಿ ಇಪ್ಪತ್ತು ಗಂಟೆ ಲಾಯದಲ್ಲಿ ಕಟ್ಟುವುದನ್ನು ಕಡಿಮೆ ಮಾಡಿ ಬಯಲಿಗೆ ಬಿಡಿ. ಸವಾರಿಗೆ ಮೊದಲು ಹತ್ತು ನಿಮಿಷ ಬರೀ ನಡೆಸಿ, ಗಿರಾಕಿಯ ಗಡಿಯಾರ ಓಡುತ್ತಿದ್ದರೂ.

ಮೈಗೆ ಕೈ ಹಚ್ಚಿ ಮಾಡುವ ಆರೈಕೆಯಲ್ಲೂ ಕಾಸು ಖರ್ಚಿಲ್ಲದ್ದು ಇದೆ. ಮಿಶಿಗನ್ ವಿಶ್ವವಿದ್ಯಾಲಯವೊಂದರಲ್ಲಿ ಸ್ಟಬ್ಸ್ ಮತ್ತು ಕ್ಲೇಟನ್ ಎಂಬ ಸಂಶೋಧಕಿಯರು 8 ಕುದುರೆಗಳಿಗೆ ಮೂರು ತಿಂಗಳು, ವಾರಕ್ಕೆ ಐದು ದಿನ, ತಿಂಡಿ ತೋರಿಸಿ ಕುತ್ತಿಗೆ ಬಾಗಿಸುವ ವ್ಯಾಯಾಮ ಮಾಡಿಸಿದರು. ಗದ್ದ ಎದೆಗೆ, ಗದ್ದ ಮೊಣಕಾಲುಗಳ ನಡುವೆ, ಗದ್ದ ಪಕ್ಕೆಗೆ, ಗದ್ದ ಹಿಂಗಾಲಿನ ಕಡೆಗೆ. ಬೆನ್ನುಮೂಳೆಯನ್ನು ಹಿಡಿದಿಡುವ ಆಳದ ಸ್ನಾಯು ದಪ್ಪಗಾಗಿದ್ದು ಸ್ಕ್ಯಾನಿನಲ್ಲಿ ಕಂಡಿತು, 2011ರಲ್ಲಿ ಪ್ರಕಟಿಸಿದರು. ಬೇಕಾದದ್ದು ಒಂದು ಕಿಲೋ ಗಜ್ಜರಿ, ಹತ್ತು ನಿಮಿಷ. ಇದನ್ನು ಮಾರಲು ಆಗುವುದಿಲ್ಲವಲ್ಲ, ಯಾವ ಕ್ಲಬ್ಬಿನ ಜಾಹೀರಾತಿನಲ್ಲೂ ಕಾಣುವುದಿಲ್ಲ.

ಆ ಹತ್ತು ನಿಮಿಷ ಯಾರದು? ಸೈಸನದು. ಬಿಹಾರದಿಂದಲೋ ರಾಜಸ್ಥಾನದಿಂದಲೋ ಬಂದು ಲಾಯದ ಪಕ್ಕದ ತಗಡಿನ ಕೋಣೆಯಲ್ಲಿ ಮಲಗುವವನದು. ನಮ್ಮ ಹಾಗೆಯೇ ಊರು ಬಿಟ್ಟವನು. ನಾವು ಪರಊರಿನಲ್ಲಿ ಕನ್ನಡ ಕೇಳಿದರೆ ಸಾಕು ಬೀದಿಯಲ್ಲೇ ನಿಂತು ಮಾತಾಡಿಸುತ್ತೇವೆ, ಆರು ವರ್ಷದಿಂದ ನಮ್ಮ ಕಾಲಿಗೆ ರಿಕಾಪು ಸರಿಮಾಡಿಕೊಟ್ಟವನ ಹೆಸರು ಕೇಳಿರುವುದಿಲ್ಲ. ದಿನಾ ಬೆಳಗ್ಗೆ ನಾಲ್ಕೂ ಕಾಲಿನ ಮೇಲೆ ಅಂಗೈ ಇಳಿಸುವವನು ಅವನು. ಎಡಗಾಲಿನ ಹಿಂಬದಿ ನಿನ್ನೆಗಿಂತ ಬಿಸಿ ಇದೆ ಎಂದು ವೈದ್ಯರ ಯಂತ್ರಕ್ಕಿಂತ ಮೊದಲು ಅವನ ಕೈಗೆ ಗೊತ್ತಾಗುತ್ತದೆ. ಬಾಡಿವರ್ಕ್ ಎಂದರೆ ನನ್ನ ಪ್ರಕಾರ ಮೊದಲು ಇದು. ದಿನಾ ಒಂದೇ ಕೈ, ಒಂದೇ ಮೈ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದಿಳಿಯುವ ತಜ್ಞರಿಗೆ ನಿನ್ನೆಯ ಕಾಲು ಗೊತ್ತಿರುವುದಿಲ್ಲ. ಆದರೆ ‘ಇವತ್ತು ಇದನ್ನು ಬಿಡೋಣ ಸಾಬ್’ ಎಂದು ಸೈಸ ಹೇಳಿದರೆ ಬುಕಿಂಗ್ ಪಟ್ಟಿ ತೋರಿಸುತ್ತಾರೆ. ಎರಡನೇ ಸಲ ಅವನು ಹೇಳುವುದಿಲ್ಲ. ಒಂದು ಪುಡಿ ಫಿನೈಲ್‌ಬ್ಯೂಟಜೋನ್ ಹುರಳಿಯ ಜೊತೆ ಕಲಸಿ ಹಾಕುತ್ತಾನೆ. ನೋವು ಕಾಣುವುದಿಲ್ಲ, ಕುದುರೆ ನಡೆಯುತ್ತದೆ, ಒಳಗಿನ ಗಾಯ ದೊಡ್ಡದಾಗುತ್ತದೆ. ಬಿಲ್ಡ್ ಕೆಂಪಾದಾಗ ಅಲಾರ್ಮಿನ ವೈರು ಕತ್ತರಿಸಿ ಡ್ಯಾಶ್‌ಬೋರ್ಡು ಹಸಿರು ಮಾಡಿದ ಹಾಗೆ.

ಕೇಳಬೇಕಾದವರು ನಾವೇ, ಯಾಕೆಂದರೆ ದುಡ್ಡು ನಮ್ಮದು. ಈ ಕುದುರೆಗೆ ಲಾಳ ಹೊಡೆದ ತಾರೀಖು ಯಾವುದು, ಇವತ್ತು ನಾನು ಎಷ್ಟನೆಯ ಸವಾರ, ಈ ಜೀನು ಇದರದೇನಾ, ಇದನ್ನು ವಾರಕ್ಕೆ ಎಷ್ಟು ದಿನ ಬಿಡುವು ಕೊಟ್ಟು ಬಿಡುತ್ತೀರಿ. ಹೋಟೆಲಿನಲ್ಲಿ ಪನೀರು ತಾಜಾ ಇದೆಯಾ ಎಂದು ಮೂರು ಸಲ ಕೇಳುವವರು ನಾವು. ನಮ್ಮ ಗೆಳೆಯರ ಗುಂಪು ಒಂದು ಕಡೆ ಇದನ್ನೆಲ್ಲ ಕೇಳಿತು. ‘ನೀವು ಸವಾರಿಗೆ ಬಂದಿರೋ, ಆಡಿಟ್‌ಗೋ?’ ಅಂದರು ಮ್ಯಾನೇಜರು. ಆಡಿಟ್‌ಗೇ ಅಂದುಕೊಳ್ಳಿ ಅಂದೆವು. ಎರಡು ವಾರದ ಮೇಲೆ ಲಾಯದ ಗೋಡೆಗೆ ಒಂದು ಬಿಳಿ ಬೋರ್ಡು ಬಂದಿತ್ತು. ಹನ್ನೊಂದು ಕುದುರೆಗಳ ಹೆಸರು, ಎದುರಿಗೆ ಲಾಳ ಹೊಡೆದ ತಾರೀಖು. ನಾಲ್ಕು ಹೆಸರಿನ ಎದುರು ಜಾಗ ಖಾಲಿ ಇತ್ತು. ಆ ನಾಲ್ಕೂ ಆಗ ಮೈದಾನದಲ್ಲಿ ಟ್ರಾಟ್ ಓಡುತ್ತಿದ್ದವು.