ಜಿಯೊನೊ ಮತ್ತು ‘ಪ್ರಾದೇಶಿಕ’ ಎಂಬ ಹಣೆಪಟ್ಟಿ

ಫ್ರೆಂಚ್ ಕಾದಂಬರಿಕಾರ ಜ್ಯಾಂ ಜಿಯೊನೊ (1895–1970) ಪ್ರೊವಾನ್ಸ್ ಪ್ರಾಂತದ ಮನೋಸ್ಕ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಅಲ್ಲಿಯೇ ಬಾಳಿ, ಅಲ್ಲಿಯೇ ತೀರಿಕೊಂಡವನು. ಈ ಕಾರಣದಿಂದಲೇ ಆತನನ್ನು ಪ್ರಾದೇಶಿಕ ಲೇಖಕರ ಸಾಲಿಗೆ ಸೇರಿಸುವುದುಂಟು. ಈ ವರ್ಗೀಕರಣ ಅಪೂರ್ಣವಾದುದು.

‘ಕೊಲಿನ್’ (1929) ಕಾದಂಬರಿಯ ಬೆಟ್ಟವು ಹಳ್ಳಿಗರನ್ನು ನಡುಗಿಸುವ ಜೀವಂತ ಶಕ್ತಿ. ಮೊದಲ ಮಹಾಯುದ್ಧದ ವರ್ದಂ ರಣರಂಗವನ್ನು ಕಂಡು ಬಂದಿದ್ದ ಜಿಯೊನೊ ಯುದ್ಧವಿರೋಧಿಯಾದ. 1939ರಲ್ಲಿ ಸೆರೆಮನೆ ಸೇರಿದ. 1944ರಲ್ಲಿ ಶತ್ರುಗಳೊಡನೆ ಸಹಕರಿಸಿದನೆಂಬ ಆಪಾದನೆಯ ಮೇಲೆ ಮತ್ತೆ ಬಂಧಿತನಾದ. ಬಿಡುಗಡೆಯಾದರೂ ಕೆಲಕಾಲ ಆತನ ಕೃತಿಗಳ ಪ್ರಕಟಣೆಗೆ ತಡೆಯಿತ್ತು. 1951ರಲ್ಲಿ ಬಂದ ‘ಲ ಹ್ಯೂಸಾರ್ ಸ್ಯೂರ್ ಲ ತ್ವಾ’ ಕಾದಂಬರಿಯಲ್ಲಿ ಅದೇ ಪ್ರೊವಾನ್ಸ್ ಕಾಲರಾಪೀಡಿತ. ಅಲ್ಲಿ ವ್ಯಾಧಿಗಿಂತ ಭೀಕರವಾಗಿ ಕಾಣುವುದು ಮನುಷ್ಯರ ಭೀತಿ ಮತ್ತು ಕ್ರೌರ್ಯ.

ಯುದ್ಧ, ಸೆರೆ, ಬಹಿಷ್ಕಾರಗಳನ್ನು ಕಂಡ ಲೇಖಕನ ಊರು ಹೀಗೆ ಇಡೀ ಶತಮಾನದ ಗಾಯವನ್ನು ಹೊರುತ್ತದೆ. ‘ಪ್ರಾದೇಶಿಕ’ ಎಂಬ ಪದವು ಕೃತಿಯ ನೆಲೆಯನ್ನು ತಿಳಿಸೀತು. ಅದರ ವ್ಯಾಪ್ತಿಯನ್ನು ಅಳೆಯಲಾರದು.