ಹಿಂದಿನ ಸೀಟಿನವರನ್ನೂ ಒಂದು ಮಾತು ಕೇಳಿ

ಈ ಸಲದ ಯುಗಾದಿ ಕಾರ್ಯಕ್ರಮಕ್ಕೆ ಹೊರಡುವ ಹೊತ್ತಿಗೆ, ಊರಿನಿಂದ ಬಂದು ನಮ್ಮೊಡನಿದ್ದ ಅಮ್ಮ "ನನಗೆ ಯಾಕೋ ಮನಸ್ಸಿಲ್ಲ, ನೀವು ಹೋಗಿಬನ್ನಿ" ಎಂದುಬಿಟ್ಟರು. ಮನೆಯ ನೆನಪಾಗಿರಬೇಕು, ಇಲ್ಲಿಯ ಚಳಿಗೆ ಬೇಸರ ಬಂದಿರಬೇಕು ಎಂದುಕೊಂಡೆವು. ಅದರ ಹಿಂದಿನ ವಾರ ದೇವಸ್ಥಾನಕ್ಕೂ ಅವರು ಬಂದಿರಲಿಲ್ಲ. ನಿಜಸಂಗತಿ ತಿಳಿದದ್ದು ಮಗಳಿಂದ. ಅಜ್ಜಿ ಅವಳ ಕಿವಿಯಲ್ಲಿ ಹೇಳಿದ್ದರಂತೆ: "ಆ ಕಾರಲ್ಲಿ ಕೂತರೆ ಸೊಂಟ ಹಿಡ್ಕೊಳ್ಳುತ್ತೆ ಪುಟ್ಟಿ. ಮೊದಲೂ ಸ್ವಲ್ಪ ಇತ್ತು, ಹೊಸ ಸಾಮಾನು ಹಾಕಿಸಿದ ಮೇಲೆ ಜಾಸ್ತಿ ಆಗಿದೆ. ನಿಮ್ಮಪ್ಪನಿಗೆ ಹೇಳಬೇಡ, ಪಾಪ, ಅಷ್ಟೊಂದು ದುಡ್ಡು ಸುರಿದಿದ್ದಾನೆ, ನೊಂದ್ಕೋತಾನೆ."

ದುಡ್ಡು ಸುರಿದದ್ದೇನೋ ನಿಜ. ಅದೂ ಅಮ್ಮ ಬಂದಿದ್ದಾರೆ, ಕಾರು ಹಾಯಾಗಿರಲಿ ಎಂದೇ! ಹಳೆಯ ಷಾಕ್ ಅಬ್ಸಾರ್ಬರುಗಳು ಎಣ್ಣೆ ಸುರಿಸುತ್ತಿದ್ದವು. ಗ್ಯಾರೇಜಿನವರು "ಹೆವಿ ಡ್ಯೂಟಿ" ಎಂಬ ಹೆಸರಿನವನ್ನು ನಾಲ್ಕೂ ಕಡೆ ಹಾಕಿ, ಮುಂದಕ್ಕೆ ಗಡುಸಾದ ಸ್ಪ್ರಿಂಗುಗಳನ್ನೂ ಕೂಡಿಸಿಕೊಟ್ಟರು. ಹೆಚ್ಚು ಬೆಲೆ ಎಂದರೆ ಹೆಚ್ಚು ಸುಖ ಎಂದು ನಾವೂ ನಂಬಿದೆವು. ಸ್ಟಿಯರಿಂಗ್ ಹಿಡಿದು ಮುಂದೆ ಕೂತವರಿಗೆ ಕಾರು ಬಿಗಿಯಾಗಿ, ಚುರುಕಾಗಿ ಓಡುತ್ತಿದೆ ಎಂದೇ ಅನಿಸಿತ್ತು. ಹಿಂದೆ ಕೂತವರನ್ನು ನಾವು ಒಂದು ಮಾತೂ ಕೇಳಲಿಲ್ಲ.

ಈ ದೇಶದಲ್ಲಿ ನಮ್ಮ ಹಿರಿಯರಿಗೆ ಕಾರೇ ಕಾಲು. ಊರಿನಲ್ಲಿ ಆಟೋ ಹಿಡಿದು ಮಾರ್ಕೆಟ್ಟಿಗೂ ಮಠಕ್ಕೂ ತಾವೇ ಹೋಗಿಬರುತ್ತಿದ್ದವರು ಇಲ್ಲಿ ನಮ್ಮ ಹಿಂದಿನ ಸೀಟಿಗೆ ಕಟ್ಟುಬಿದ್ದಿರುತ್ತಾರೆ. ಆ ಸೀಟು ನೋವು ಕೊಟ್ಟರೆ ಅವರು ದೂರು ಹೇಳುವುದಿಲ್ಲ, ಸುಮ್ಮನೆ ಮನೆಯಲ್ಲಿ ಉಳಿಯುತ್ತಾರೆ. ಆದ್ದರಿಂದ ಷಾಕು, ಸ್ಪ್ರಿಂಗುಗಳ ಆಯ್ಕೆಯನ್ನು ಬರೀ ಗ್ಯಾರೇಜಿನವರ ಪಾಲಿಗೆ ಬಿಡದೆ ಮನೆಮಂದಿಯೆಲ್ಲ ಕೂತು ಯೋಚಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಕಾರು ಓಡಿಸುವವರಿಗಾಗಿ ಅಲ್ಲ, ಅದರಲ್ಲಿ ಕೂರುವವರಿಗಾಗಿ ಸಾಮಾನು ಆರಿಸಬೇಕು.

ಮೊದಲು ಈ ಎರಡರ ಕೆಲಸ ಬೇರೆಬೇರೆ ಎಂಬುದನ್ನು ತಿಳಿಯಬೇಕು. ಕಾರಿನ ಭಾರ ಹೊರುವುದು ಸ್ಪ್ರಿಂಗು. ಹಳ್ಳ ಬಂದಾಗ ಕುಗ್ಗಿ, ಮತ್ತೆ ಹಿಗ್ಗಿ, ಏಟನ್ನು ನುಂಗುವುದೂ ಅದೇ. ಆದರೆ ಸ್ಪ್ರಿಂಗಿಗೆ ತಾನಾಗಿ ನಿಲ್ಲುವ ಗುಣವಿಲ್ಲ, ಒಮ್ಮೆ ಕುಣಿದರೆ ಕುಣಿಯುತ್ತಲೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಷಾಕಿನ ಕೆಲಸ. ಅದರೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಬೇಕಾಗುವುದರಿಂದ ಕುಣಿತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಷಾಕು ತೀರ ಸಡಿಲವಾದರೆ ಕಾರು ದೋಣಿಯಂತೆ ತೂಗಿ ವಾಂತಿ ಬರಿಸುತ್ತದೆ. ತೀರ ಬಿಗಿಯಾದರೆ ಸ್ಪ್ರಿಂಗಿಗೆ ಕುಗ್ಗಲು ಅವಕಾಶವೇ ಇಲ್ಲದೆ ರಸ್ತೆಯ ಏಟು ನೇರವಾಗಿ ಬೆನ್ನಿಗೆ ಬಡಿಯುತ್ತದೆ. ಎರಡಕ್ಕೂ ಹೊಂದಾಣಿಕೆ ಇರಬೇಕು, ಗಂಡಹೆಂಡಿರಂತೆ.

ಸುಖ ಎಂಬುದಕ್ಕೆ ಲೆಕ್ಕವೂ ಉಂಟು. ಮಾಮೂಲಿ ಕಾರಿನ ಮೈ ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಬಾರಿ ತೂಗುತ್ತದೆ. ಇದು ನಮ್ಮ ನಡಿಗೆಯ ಲಯಕ್ಕೆ ಹತ್ತಿರ, ಮೈಗೆ ಒಗ್ಗಿದ ತೂಗಾಟ. ಕೂತ ಮನುಷ್ಯನಿಗೆ ಹೆಚ್ಚು ಬಾಧೆ ಕೊಡುವುದು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿಯ ಮೇಲುಕೆಳಗಿನ ನಡುಕ. ಈಗ ನಮ್ಮ ಕಾಂಕ್ರೀಟು ಹೆದ್ದಾರಿಯನ್ನು ನೆನೆಸಿಕೊಳ್ಳಿ. ಹದಿನೈದು ಅಡಿಗೊಂದು ಸಂದು ಇದ್ದು, 60 ಮೈಲಿ ವೇಗದಲ್ಲಿ ಹೋದರೆ ಸೆಕೆಂಡಿಗೆ 88 ಅಡಿ ಸಾಗುತ್ತೇವೆ, ಅಂದರೆ ಸುಮಾರು 6 ಸಂದು. ಸರಿಯಾಗಿ ಸೊಂಟಕ್ಕೆ ಆಗದ ತಾಳವೇ! ಒಳ್ಳೆಯ ಸ್ಪ್ರಿಂಗು, ಷಾಕು, ಟೈರುಗಳು ಆ ತಾಳವನ್ನು ಕೆಳಗೇ ತಡೆಯುತ್ತವೆ. ಗಡುಸಾದವು ಅದನ್ನು ಮೇಲಕ್ಕೆ ಸಾಗಿಸುತ್ತವೆ.

ಹಿಂದಿನ ಸೀಟಿನ ಕಷ್ಟ ನಮಗೆ ಹೊಸದಲ್ಲ. ಊರಿನ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ತಲೆ ಚಾವಣಿಗೆ ತಗುಲಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅದೇ ಬಸ್ಸು ಜನ ತುಂಬಿದಾಗ ಮೆತ್ತಗೆ ಹೋಗುವುದನ್ನೂ ಕಂಡಿದ್ದೇವೆ. ಭಾರಕ್ಕೆಂದು ಮಾಡಿದ ಸ್ಪ್ರಿಂಗು ಭಾರವಿಲ್ಲದಾಗ ಒದೆಯುತ್ತದೆ. ಇಬ್ಬರು ಮೂವರು ಕೂರುವ ಕಾರಿಗೆ ಸಾಮಾನು ಎಳೆಯುವವರ ಸ್ಪ್ರಿಂಗು, ಷಾಕು ಹಾಕಿಸಿದರೆ ಆಗುವುದೂ ಇದೇ.

ಈ ವಿದ್ಯೆಯನ್ನು ನೆಲೆಗೊಳಿಸಿದವರಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ಮುಖ್ಯರು. ರೋಲ್ಸ್‌ರಾಯ್ಸ್‌ನಿಂದ 1930ರಲ್ಲಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ವಿಭಾಗಕ್ಕೆ ಬಂದ ಅವರು, ಕಾರಿನ ಭಾರವನ್ನು ಹಿಂದೆಮುಂದೆ ಜರುಗಿಸಿ, ಸ್ಪ್ರಿಂಗು ಬದಲಿಸಿ, ಸವಾರಿ ಮಾಡಿ ನೋಡಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ನಿಧಾನವಾಗಿ ತೂಗಬೇಕು ಎಂಬುದು ಅವರು ಕಂಡುಕೊಂಡ ಸೂತ್ರ. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಗಾಲಿ. ತಡವಾಗಿ ಹತ್ತುವ ಹಿಂಭಾಗ ತುಸು ಬೇಗ ತೂಗಿದರೆ ಮುಂಭಾಗವನ್ನು ಸೇರಿಕೊಳ್ಳುತ್ತದೆ, ಕಾರು ಮಟ್ಟವಾಗಿ ಏರಿ ಇಳಿಯುತ್ತದೆ. ಇಲ್ಲವಾದರೆ ಕಾರು ಏತದಂತೆ ಮುಂದೊಮ್ಮೆ ಹಿಂದೊಮ್ಮೆ ಬಾಗುತ್ತದೆ, ಕೂತವರ ತಲೆ ತೂಗುತ್ತದೆ. ನಾವು ಮುಂದಕ್ಕೆ ಮಾತ್ರ ಗಡುಸು ಸ್ಪ್ರಿಂಗು ಹಾಕಿಸಿ ಈ ಲೆಕ್ಕವನ್ನೇ ಕೆಡಿಸಿದ್ದೆವು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಸಿಟ್ರನ್ 2ಸಿವಿ ಎಂಬ ಅಗ್ಗದ ಕಾರಿಗೆ, ಉತ್ತ ಹೊಲದ ಮೇಲೆ ಮೊಟ್ಟೆಯ ಬುಟ್ಟಿ ಒಡೆಯದಂತೆ ಸಾಗಿಸಬೇಕೆಂಬ ಷರತ್ತಿತ್ತು. ಸುಖಕ್ಕೆ ದುಡ್ಡಿಗಿಂತ ವಿವೇಕ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಮಾಡಬೇಕಾದದ್ದೇನು? ದುಡ್ಡು ಬಿಚ್ಚುವ ಮೊದಲು ಟೈರು ನೋಡಿ. ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಒತ್ತಡ, ತುಂಬಬೇಕಾದ ಒತ್ತಡವಲ್ಲ. ನಮ್ಮ ಚೀಟಿಯಲ್ಲಿ 33 ಇದ್ದರೆ ಟೈರುಗಳಲ್ಲಿ 44 ಇತ್ತು! ಮೆತ್ತಗಾಗಲೆಂದು ಚೀಟಿಗಿಂತ ಕಡಿಮೆ ಮಾಡುವುದೂ ತಪ್ಪು, ಟೈರು ಕಾದು ಒಡೆಯಬಹುದು. ಗಾಲಿಯ ಅಳತೆಯನ್ನೂ ಗಮನಿಸಿ. 205/65-16 ಟೈರಿನ ಪಕ್ಕದ ಎತ್ತರ 133 ಮಿಲಿಮೀಟರು, 235/45-18ರದ್ದು ಸುಮಾರು 106. ಅಂದಕ್ಕಾಗಿ ದೊಡ್ಡ ಗಾಲಿ ಆರಿಸಿದರೆ ಒಂದು ಅಂಗುಲದಷ್ಟು ರಬ್ಬರು, ಗಾಳಿಯ ಮೆತ್ತೆ ಕಳೆದುಕೊಂಡಂತೆ. ಅದನ್ನು ಯಾವ ಷಾಕೂ ಪೂರ್ತಿ ತುಂಬಿಕೊಡದು.

ಷಾಕು ಸವೆದಿದೆಯೇ ಎಂಬುದಕ್ಕೆ ಗುರುತುಗಳಿವೆ: ಮೈಮೇಲೆ ಎಣ್ಣೆ ಹರಿದಿರುವುದು, ಟೈರು ಅಲ್ಲಲ್ಲಿ ಗುಳಿ ಬಿದ್ದಂತೆ ಸವೆಯುವುದು, ಬ್ರೇಕು ಹಾಕಿದಾಗ ಮೂತಿ ತಗ್ಗುವುದು, ಉಬ್ಬು ದಾಟಿದ ಮೇಲೂ ಎರಡು ಮೂರು ಬಾರಿ ತೂಗುವುದು. 50,000 ಮೈಲಿಗೆ ಬದಲಿಸಲೇಬೇಕು ಎಂಬ ಮಾರಾಟದ ಮಾತಿಗಿಂತ ಈ ಗುರುತುಗಳನ್ನು ನಂಬುವುದು ಲೇಸು. ಇನ್ನು ಸ್ಪ್ರಿಂಗು. ಸಮನೆಲದಲ್ಲಿ ನಿಲ್ಲಿಸಿ, ಪ್ರತಿ ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ಎಡಬಲಗಳು ಸಮವಿದ್ದು, ಎತ್ತರ ಕುಸಿಯದೆ, ಸುರುಳಿ ಮುರಿಯದೆ ಇದ್ದರೆ ಸ್ಪ್ರಿಂಗು ಬದಲಿಸುವ ಅಗತ್ಯವಿಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಕೆಳಸುರುಳಿ ತುಕ್ಕು ಹಿಡಿದು ಮುರಿಯುವುದುಂಟು, ಅದನ್ನು ಮಾತ್ರ ಬಗ್ಗಿ ನೋಡಬೇಕು.

ಬದಲಿಸುವುದೇ ಆದರೆ ನಿಮ್ಮ ಕಾರಿನ ಅದೇ ಮಾದರಿಗೆ, ಅದೇ ಎಂಜಿನ್ನಿಗೆ ಹೇಳಿದ ಮೂಲ ಅಳತೆಯ ಸ್ಪ್ರಿಂಗನ್ನೇ ಕೇಳಿ. ಸ್ಪ್ರಿಂಗಿನ ತಂತಿ ನೂರಕ್ಕೆ ಹತ್ತರಷ್ಟು ದಪ್ಪವಾದರೆ ಅದರ ಗಡುಸು ನೂರಕ್ಕೆ 46ರಷ್ಟು ಏರುತ್ತದೆ, ಕಣ್ಣಿಗೆ ಮಾತ್ರ ವ್ಯತ್ಯಾಸ ಕಾಣದು. ಕಾರನ್ನು ತಗ್ಗಿಸಲೆಂದು ಸುರುಳಿ ಕತ್ತರಿಸುವುದಂತೂ ಬೇಡವೇ ಬೇಡ. ಉಳಿದದ್ದು ಇನ್ನೂ ಗಡುಸಾಗುತ್ತದೆ, ಕುಗ್ಗಲು ಜಾಗವೂ ಕಡಿಮೆಯಾಗುತ್ತದೆ.

ಷಾಕಿನಲ್ಲಿ "ಗ್ಯಾಸ್" ಎಂಬ ಪದಕ್ಕೆ ಮರುಳಾಗಬೇಡಿ. ಎಣ್ಣೆ ನೊರೆಗಟ್ಟದಿರಲೆಂದು ನೈಟ್ರೋಜನ್ ತುಂಬಿರುತ್ತಾರೆ, ಅಷ್ಟೆ. ಗ್ಯಾಸ್ ಇದ್ದರೆ ಮೆತ್ತಗೆ ಎಂದೂ ಅಲ್ಲ, ಗಡುಸು ಎಂದೂ ಅಲ್ಲ. ಜೋಡಿ ಕೊಳವೆಯ, ಕಡಿಮೆ ಒತ್ತಡದ ಷಾಕು ಸಾಮಾನ್ಯವಾಗಿ ಮೂಲದ ಹದಕ್ಕೆ ಹತ್ತಿರ. ಒಂಟಿ ಕೊಳವೆಯ, ಹೆಚ್ಚು ಒತ್ತಡದವು ಬಿಗಿಯಾದ ಓಟ ಬಯಸುವವರಿಗೆ. ಜಪಾನಿನ ಕೆವೈಬಿಯವರು ಎಕ್ಸೆಲ್-ಜಿ ಎಂದು ಮೊದಲ ಬಗೆಯನ್ನೂ ಗ್ಯಾಸ್-ಎ-ಜಸ್ಟ್ ಎಂದು ಎರಡನೆಯ ಬಗೆಯನ್ನೂ ಮಾರುತ್ತಾರೆ. ಅಂಗಡಿಯಲ್ಲಿ ಬ್ರಾಂಡಿನ ಹೆಸರು ಹೇಳಿದರೆ ಸಾಲದು, ಯಾವ ಬಗೆ ಎಂದೂ ಹೇಳಬೇಕು. "ಸ್ಪೋರ್ಟ್", "ಹೆವಿ ಡ್ಯೂಟಿ" ಎಂಬ ಮಾತು ಡಬ್ಬದ ಮೇಲಿದ್ದರೆ ಅದು ಅಜ್ಜಿಗಲ್ಲ ಎಂದು ತಿಳಿಯಿರಿ. ಸ್ಪ್ರಿಂಗು, ಷಾಕು ಎರಡನ್ನೂ ಜೋಡಿಸಿ ಸಿದ್ಧವಾಗಿ ಮಾರುವ ಸ್ಟ್ರಟ್ಟುಗಳಲ್ಲಿ ಕೂಲಿ ಉಳಿಯುತ್ತದೆ. ಆದರೆ ಅಗ್ಗದವುಗಳಲ್ಲಿ ಒಂದೇ ಸ್ಪ್ರಿಂಗನ್ನು ಹಲವು ಮಾದರಿಗಳಿಗೆ ಹೊಂದಿಸಿರುವುದುಂಟು. ಹಾಗಾಗಿ ಕಾರಿನ ಎತ್ತರ, ಹದ ಎರಡೂ ಬದಲಾಗಬಹುದು.

ಹಾಕುವ ಕ್ರಮದಲ್ಲೂ ಸುಖ ಅಡಗಿದೆ. ಎಡಬಲ ಜೋಡಿಯಾಗಿಯೇ ಬದಲಿಸಿ. ಮೇಲಿನ ರಬ್ಬರು ಮೌಂಟು ಹಳತಾಗಿದ್ದರೆ ಅದನ್ನೂ ಹೊಸದು ಹಾಕಿಸಿ. ರಬ್ಬರು ಬುಷ್ಷುಗಳ ಬೋಲ್ಟನ್ನು ಕಾರು ತನ್ನ ಗಾಲಿಗಳ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ಎತ್ತಿ ನೇತುಹಾಕಿದಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಮುಂದಿನ ಸ್ಟ್ರಟ್ಟು ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಕೂಲಿ ಉಳಿಸಲು ಮನೆಯಲ್ಲೇ ಸ್ಪ್ರಿಂಗು ಬಿಚ್ಚಲು ಹೊರಡುವ ತರುಣರಿಗೆ ಒಂದು ಮಾತು: 1500 ಕಿಲೋ ಕಾರಿನ ಮುಂದಿನ ಒಂದು ಮೂಲೆಯಲ್ಲೇ 450 ಕಿಲೋದಷ್ಟು ಭಾರವಿರುತ್ತದೆ. ಅದನ್ನು ಹೊರುವ ಸ್ಪ್ರಿಂಗು ಹಿಡಿತ ತಪ್ಪಿ ಚಿಮ್ಮಿದರೆ ಪ್ರಾಣಕ್ಕೇ ಬಂದೀತು. ಅದಕ್ಕೆ ತಕ್ಕ ಸಲಕರಣೆ, ಪಳಗಿದ ಕೈ ಎರಡೂ ಬೇಕು.

ಮೆದು ಕಾರು ಅಪಾಯ, ಬಿಗಿಯೇ ಭದ್ರ ಎಂದು ಕೆಲವು ಮಿತ್ರರು ವಾದಿಸುತ್ತಾರೆ. ಸವೆದ ಷಾಕು ಅಪಾಯ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಗುಂಡಿಬಿದ್ದ ರಸ್ತೆಯಲ್ಲಿ ಅತಿ ಬಿಗಿಯಾದ ಷಾಕು ಗಾಲಿಯನ್ನು ನೆಲಬಿಟ್ಟು ಪುಟಿಸುತ್ತದೆ, ನೆಲ ಬಿಟ್ಟ ಗಾಲಿ ಹಿಡಿತ ಕೊಡದು. ಕಾರು ಮಾಡಿದವರು ಹೇಳಿದ ಹದದಲ್ಲಿ ಸುಖವೂ ಭದ್ರತೆಯೂ ಒಟ್ಟಿಗೇ ಇವೆ.

ನಮ್ಮ ಸಂಘಕ್ಕೂ ಒಂದು ಸೂಚನೆ. ಕಾರ್ಯಕ್ರಮಗಳಿಗೆ ಕಾರು ಹಂಚುವಾಗ ದೊಡ್ಡ ವ್ಯಾನುಗಳ ಮೂರನೆಯ ಸಾಲಿಗೆ ಹಿರಿಯರನ್ನು ತಳ್ಳಬೇಡಿ. ಅದು ಹಿಂದಿನ ಗಾಲಿಗಳ ಮೇಲೆಯೇ ಇರುವ ಜಾಗ, ನಮ್ಮ ಬಸ್ಸಿನ ಕೊನೆಯ ಸೀಟೇ. ಅಲ್ಲಿ ಹುಡುಗರು ಕೂರಲಿ, ಹಿರಿಯರು ನಡುಸಾಲಿನಲ್ಲೋ ಮುಂದೆಯೋ ಕೂರಲಿ. ಇದಕ್ಕೆ ಒಂದು ಡಾಲರೂ ಖರ್ಚಿಲ್ಲ.

ನಾವೇನು ಮಾಡಿದೆವು ಎಂದರೆ, ಹೊಸ ಸಾಮಾನನ್ನೆಲ್ಲ ತೆಗೆಸಿ ಮೂಲದ ಅಳತೆಯ ಸ್ಪ್ರಿಂಗು, ಸಾಧಾರಣ ಜೋಡಿ ಕೊಳವೆಯ ಷಾಕುಗಳನ್ನು ಹಾಕಿಸಿ, ಗಾಳಿಯನ್ನು ಚೀಟಿಯಂತೆ ಇಳಿಸಿದೆವು. ಎರಡೆರಡು ಸಲ ದುಡ್ಡು ತೆತ್ತದ್ದು ನಮ್ಮ ಅಹಂಕಾರಕ್ಕೆ ಬಿದ್ದ ದಂಡ. ಈ ಸಲ ಬಿಲ್ಲಿಗೆ ರುಜು ಹಾಕುವ ಮೊದಲು ನಾವೇ ಹಿಂದಿನ ಸೀಟಿನಲ್ಲಿ ಕೂತು, ಮೆಕ್ಯಾನಿಕ್ಕಿಗೆ ಓಡಿಸಲು ಹೇಳಿ, ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಬಂದೆವು. ನೀವೂ ಹಾಗೆ ಮಾಡಿ ನೋಡಿ.

ಜುಲೈ ತಿಂಗಳ ವನಭೋಜನಕ್ಕೆ ಅಮ್ಮ ಬಂದರು. ಅವರ ಕೈಯ ಚಿತ್ರಾನ್ನ ಉಂಡವರು ಹಲವರಿದ್ದೀರಿ. ಅಂದು ಸಂಜೆ ಹಿಂದಿರುಗುವಾಗ ಹೆದ್ದಾರಿಯಲ್ಲಿ ಒಮ್ಮೆ ತಿರುಗಿ "ಸೊಂಟ ಹೇಗಿದೆಯಮ್ಮಾ?" ಎಂದು ಕೇಳಿದೆವು. ಉತ್ತರ ಬರಲಿಲ್ಲ. ಮೊಮ್ಮಗಳ ಹೆಗಲಿಗೆ ತಲೆಯಿಟ್ಟು ಅವರು ನಿದ್ದೆ ಹೋಗಿದ್ದರು.